ಸೋರಿಹೋದ ಬಿಸಿಯ ಲೆಕ್ಕ

ನಲ್ಲಿ ತೊಟ್ಟಿಕ್ಕಿದ್ರೆ ಮನೆಯವರಿಗೆಲ್ಲ ಕೇಳುತ್ತೆ. ಸೂರು ಸೋರಿದ್ರೆ ಕೆಳಗೆ ಪಾತ್ರೆ ಇಡ್ತೀವಿ. ಎಣ್ಣೆ ಡಬ್ಬ ಸೋರಿದ್ರೆ ನೆಲ ಜಾರುತ್ತೆ, ಯಾರಾದ್ರೂ ಬಿದ್ದಾಗಲಾದ್ರೂ ಗೊತ್ತಾಗುತ್ತೆ. ಬಿಸಿ ಸೋರಿದ್ರೆ? ಸದ್ದಿಲ್ಲ, ಕಲೆ ಇಲ್ಲ, ಒರೆಸೋ ಕೆಲಸನೂ ಇಲ್ಲ. ಅದಕ್ಕೇ ಇರಬೇಕು, ಒಂದು ಚೊಂಬು ನೀರು ಚೆಲ್ಲಿದ್ರೆ ಊರು ಕೇಳೋ ಹಂಗೆ ಬೈತಿದ್ದ ನಮ್ಮ ಮನೆ ಹಿರೀಕರು ಬಿಸಿ ಪೋಲಾಯ್ತು ಅಂತ ಬೈದದ್ದು ನನಗೆ ನೆನಪಿಲ್ಲ.

ಈ ಸಲ ಬರೀತಿರೋದು ಆ ಬಿಸಿಯ ಚರಿತ್ರೆ. ನಮ್ಮ ತುಮಕೂರು ಸೀಮೆಯ ಅಡಿಗೆಮನೆ, ಬಚ್ಚಲುಮನೆಗಳಿಂದ ಅದು ಹೆಂಗೆ ಸೋರಿ ಹೋಗ್ತಿತ್ತು, ಅದನ್ನ ಮೊದಲು ಅಳೆದವರು ಯಾರು, ಅಳೆದ ಮೇಲೆ ಏನಾಯ್ತು, ಈಗ ಎಲ್ಲಿ ಸೋರ್ತಾ ಇದೆ ಅನ್ನೋದು. ರಾಜರು ದಂಡು ಇಲ್ಲದ ಚರಿತ್ರೆ ಇದು. ಆದ್ರೂ ಇದರಲ್ಲಿ ನೊಂದವರು ಇದ್ದಾರೆ, ಅವರು ಬಹುಪಾಲು ಹೆಂಗಸರು. ನನಗೆ ಕಂಡದ್ದು ಒಂದೇ ಸಂಗತಿ: ಯಾವ ನಷ್ಟಕ್ಕೆ ಯಾರೂ ಲೆಕ್ಕ ಬರೆಯೋದಿಲ್ಲವೋ ಆ ನಷ್ಟ ನಷ್ಟ ಅಂತಲೇ ಅನ್ನಿಸೋದಿಲ್ಲ. ಅಜ್ಜಿಯ ಕಣ್ಣು, ಅವ್ವನ ಬೆನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ.

ಮೊದಲು ಒಲೆ ವಿಷಯ. ನಮ್ಮಜ್ಜಿ ಮನೆಯ ಒಲೆ ಸುತ್ತಲಿನ ಎಲ್ಲರ ಮನೆ ಒಲೆ ಹಂಗೇ ಇತ್ತು. ಕೆಮ್ಮಣ್ಣು, ಹೊಟ್ಟು, ಸಗಣಿ ಕಲಸಿ ಕಟ್ಟಿದ್ದು. ಮುಂದುಗಡೆ ಸೌದೆ ತುರುಕೋಕೆ ಅಗಲವಾದ ಬಾಯಿ, ಮೇಲೆ ಪಾತ್ರೆ ಕೂರೋಕೆ ಮೂರು ಉಬ್ಬು, ಪಕ್ಕದಲ್ಲಿ ಕೋಡೊಲೆ. ನಮ್ಮದು ತೆಂಗಿನ ಸೀಮೆ ಆದ್ದರಿಂದ ಉರುವಲು ಅಂದ್ರೆ ಎಡಮಟ್ಟೆ, ಸೋಗೆ, ಚಿಪ್ಪು. ಅದರ ಜೊತೆಗೆ ಜಾಲಿ ಮುಳ್ಳು, ಹೊಂಗೆ ಪುಳ್ಳೆ, ಮಳೆಗಾಲಕ್ಕೆ ಕೂಡಿಟ್ಟ ಬೆರಣಿ.

ಆ ಒಲೆಯಲ್ಲಿ ಬಿಸಿ ಎಲ್ಲೆಲ್ಲಿ ಹೋಗ್ತಿತ್ತು ಅಂತ ಒಸಿ ನಿಧಾನವಾಗಿ ನೋಡೋಣ. ಉಬ್ಬುಗಳ ನಡುವೆ ಇರೋ ಸಂದಿಯಲ್ಲಿ ಉರಿ ಪಾತ್ರೆಯ ಪಕ್ಕ ಸವರಿಕೊಂಡು ನೇರ ಮೇಲಕ್ಕೆ ಹೋಗೋದು. ಬಾಯಿ ಅಗಲ ಇದ್ದದ್ದರಿಂದ ಉರಿಯೋಕೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಗಾಳಿ ಒಳಗೆ ನುಗ್ಗೋದು, ಆ ಗಾಳಿನೂ ನಮ್ಮ ಸೌದೆ ಖರ್ಚಿನಲ್ಲೇ ಬಿಸಿಯಾಗಿ ಹೊರಗೆ ಹೋಗೋದು. ಒಂದಿಷ್ಟು ಬಿಸಿನ ಒಲೆಯ ಮಣ್ಣೇ ಕುಡಿಯೋದು. ಇನ್ನು ಹೊಗೆ. ಹೊಗೆ ಅಂದ್ರೆ ಪೂರ್ತಿ ಉರಿಯದೆ ಉಳಿದ ಸೌದೆಯೇ. ಪಾತ್ರೆ ಕೆಳಗೆ ಬಿಸಿ ಆಗಬೇಕಾದ್ದು ಅಜ್ಜಿಯ ಎದೆಯೊಳಗೆ ಮಸಿ ಆಗಿ ಕೂರೋದು. ಸೌದೆ ಹಸಿಯಾಗಿದ್ರಂತೂ ಮೊದಲ ಬಿಸಿಯೆಲ್ಲ ಅದರೊಳಗಿನ ನೀರನ್ನ ಆವಿ ಮಾಡೋಕೇ ಸರಿಹೋಗೋದು.

ಅಂದಾಜಿಗೆ ಒಂದು ಲೆಕ್ಕ ಹೇಳ್ತೀನಿ. ಚೆನ್ನಾಗಿ ಒಣಗಿದ ಒಂದು ಕೆಜಿ ಸೌದೆಯಲ್ಲಿ ಸುಮಾರು 16 ಮೆಗಾಜೂಲ್ ಬಿಸಿ ಇರುತ್ತೆ. ಒಂದು ಲೀಟರ್ ತಣ್ಣೀರು ಕುದಿಯೋಕೆ ಬೇಕಾದ್ದು 0.31 ಮೆಗಾಜೂಲ್ ಅಷ್ಟೆ. ಅಂದ್ರೆ ಒಂದು ಚೂರೂ ಸೋರದಿದ್ರೆ ಒಂದು ಕೆಜಿ ಸೌದೆಯಲ್ಲಿ 50 ಲೀಟರ್ ನೀರು ಕುದಿಸಬಹುದು, ಮೂರು ನಾಲ್ಕು ಕೊಡ. ಹಳೆ ಒಲೆಗಳಲ್ಲಿ ಪಾತ್ರೆಗೆ ತಲುಪ್ತಿದ್ದದ್ದು ನೂರಕ್ಕೆ ಹತ್ತರ ಆಸುಪಾಸು. ಐವತ್ತು ಲೀಟರ್ ಕುದಿಸಬೇಕಾದ ಸೌದೆ ಐದೇ ಲೀಟರ್ ಕುದಿಸ್ತಿತ್ತು. ತಲೆ ಮೇಲೆ ಹತ್ತು ಹೊರೆ ಹೊತ್ತು ತಂದ್ರೆ ಅದರಲ್ಲಿ ಒಂಬತ್ತು ಹೊರೆ ಸೂರಿನ ಸಂದಿಯಿಂದ ಆಚೆ ಹೋದ ಹಂಗೆ.

ಹಂಗಂತ ನಮ್ಮ ಹೆಂಗಸರಿಗೆ ಏನೂ ಗೊತ್ತಿರಲಿಲ್ಲ ಅನ್ನೋದು ಸುಳ್ಳು. ಕೋಡೊಲೆ ಯಾಕಿತ್ತು? ಮುಂದಿನ ಪಾತ್ರೆ ತಪ್ಪಿಸಿಕೊಂಡು ಹೋಗೋ ಉರಿಯನ್ನ ಹಿಂದಿನ ಪಾತ್ರೆ ಹಿಡಿಯಲಿ ಅಂತ. ಒಲೆ ಮೇಲ್ಗಡೆ ಅಟ್ಟ ಯಾಕಿತ್ತು? ಮೇಲೆ ಹೋಗೋ ಬಿಸಿಯಲ್ಲಿ ನಾಳಿನ ಸೌದೆ ಒಣಗಲಿ, ಬಿತ್ತನೆ ಕಾಳಿಗೆ ಹುಳ ಬೀಳದಿರಲಿ ಅಂತ. ಸಾರು ಕುದಿ ಬಂದ ಕೂಡಲೇ ಅಜ್ಜಿ ಕೊಳ್ಳಿ ಹಿಂದಕ್ಕೆಳೆದು ಕೆಂಡದ ಮೇಲೆ ಬಿಡೋಳು. ಹಿಟ್ಟು ಬೇಯೋ ಹೊತ್ತಿಗೆ ಮಡಕೆ ಬಾಯಿ ಮುಚ್ಚಿ, ಉರಿ ತೆಗೆದು, ಹಬೆಯಲ್ಲೇ ಇಡೋಳು. ಬೆಳಿಗ್ಗೆ ಒಲೆ ಹಚ್ಚೋಕೆ ರಾತ್ರಿ ಕೆಂಡನ ಬೂದಿಯಲ್ಲಿ ಮುಚ್ಚಿಡೋಳು. ಇದೆಲ್ಲ ಬಿಸಿ ಉಳಿಸೋ ವಿದ್ಯೆಯೇ. ಆದ್ರೆ ಈ ಜಾಣತನ ಎಲ್ಲ ಆ ಹತ್ತು ಪಾಲಿನ ಒಳಗಿನ ಜಾಣತನ. ತೊಂಬತ್ತು ಪಾಲು ಹೋಗ್ತಿದ್ದದ್ದು ಒಲೆಯ ಆಕಾರದಿಂದ. ಅದನ್ನ ಕಣ್ಣಲ್ಲಿ ನೋಡಿ ಹೇಳೋಕಾಗೋದಿಲ್ಲ, ಅಳೀಬೇಕು.

ಅಳತೆ ಬಂದದ್ದು 1970ರ ದಶಕದಲ್ಲಿ, ಅದೂ ನಮ್ಮ ಕುಣಿಗಲ್ ತಾಲ್ಲೂಕಿಗೇ.

1973ರ ಕೊನೆಯಲ್ಲಿ ಅರಬ್ ದೇಶಗಳ ಎಣ್ಣೆ ಬೆಲೆ ನಾಲ್ಕು ಪಟ್ಟು ಏರಿತು. ದೇಶದಲ್ಲೆಲ್ಲ ಶಕ್ತಿಯ ಬಿಕ್ಕಟ್ಟು ಅನ್ನೋ ಮಾತು. ಅವಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಮೂಲ್ಯ ಕುಮಾರ್ ಎನ್. ರೆಡ್ಡಿ ಅಂತ ಒಬ್ಬ ರಸಾಯನ ವಿಜ್ಞಾನಿ ಇದ್ದರು. ದೊಡ್ಡ ದೊಡ್ಡ ಪ್ರಯೋಗಾಲಯ ಇಟ್ಟುಕೊಂಡು ಪಕ್ಕದ ಹಳ್ಳಿಗೆ ನಾವೇನು ಮಾಡಿದ್ವಿ ಅನ್ನೋ ಪ್ರಶ್ನೆ ಅವರನ್ನೂ ಅವರ ಜೊತೆಗಾರರನ್ನೂ ಕಾಡಿತು. 1974ರಲ್ಲಿ ಅವರು ಸೇರಿ ‘ಅಸ್ತ್ರ’ ಶುರು ಮಾಡಿದರು. ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಬಳಸೋದು ಅನ್ನೋ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಹೆಸರದು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅವರ ಕೇಂದ್ರ ಬಂತು.

ಅವರು ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಯಾವ ಯಂತ್ರನೂ ಅಲ್ಲ, ಎಣಿಕೆ. ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಯಾರು ಎಷ್ಟು ಸೌದೆ ಉರಿಸ್ತಾರೆ, ಅದನ್ನ ಯಾರು ತರ್ತಾರೆ, ಎಷ್ಟು ಹೊತ್ತು ನಡೀತಾರೆ, ನೀರು ಎಲ್ಲಿಂದ ಹೊರ್ತಾರೆ, ಸೀಮೆಎಣ್ಣೆ ಎಷ್ಟು, ಕರೆಂಟ್ ಎಷ್ಟು, ಎತ್ತಿನ ದುಡಿಮೆ ಎಷ್ಟು ಅಂತ ಬರೆದುಕೊಂಡರು. ಬಂದ ಉತ್ತರ ಎಲ್ಲರ ಕಣ್ಣು ತೆರೆಸೋ ಹಂಗಿತ್ತು. ದೆಹಲಿಯಲ್ಲಿ ಶಕ್ತಿ ಅಂದ್ರೆ ಕಲ್ಲಿದ್ದಲು, ಡೀಸೆಲ್, ಅಣೆಕಟ್ಟು ಅಂತ ಮಾತಾಡ್ತಿದ್ದ ಕಾಲದಲ್ಲಿ, ಈ ಹಳ್ಳಿಗಳ ಶಕ್ತಿಯ ಬಹುಪಾಲು ಬರ್ತಿದ್ದದ್ದು ಸೌದೆಯಿಂದ. ಆ ಸೌದೆಯ ಬಹುಪಾಲು ಹೋಗ್ತಿದ್ದದ್ದು ಅಡಿಗೆಗೆ ಮತ್ತು ಸ್ನಾನದ ನೀರಿಗೆ. ಕರೆಂಟಿನ ಪಾಲು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಮನುಷ್ಯರ ದುಡಿಮೆ ಲೆಕ್ಕ ಹಾಕಿದಾಗ ಗಂಡಸರಿಗಿಂತ ಹೆಂಗಸರ ಪಾಲೇ ದೊಡ್ಡದು, ಮಕ್ಕಳ ಪಾಲೂ ಕಡಿಮೆ ಏನಲ್ಲ.

ನಮ್ಮ ಅವ್ವಂದಿರಿಗೆ ಇದರಲ್ಲಿ ಹೊಸದೇನಿತ್ತು ಅಂತ ಕೇಳಬಹುದು. ಅವರಿಗೆ ಹೊಸದಲ್ಲ. ಆದ್ರೆ ಸೌದೆಗೆ ನಡೆದ ದಾರಿ, ಒಲೆ ಮುಂದೆ ಕೂತ ಗಂಟೆ ಒಂದು ಕಾಗದದ ಮೇಲೆ ಅಂಕಿಯಾಗಿ ಬಿದ್ದದ್ದು ಹೊಸದು. ದುಡ್ಡು ಕೊಟ್ಟು ಕೊಳ್ಳದ ಸೌದೆಗೆ ಬೆಲೆ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ರು. ಅದಕ್ಕೆ ಕೊಡ್ತಿದ್ದ ಬೆಲೆ ಹೊತ್ತು ಮತ್ತು ಮೈಶಕ್ತಿ ಅಂತ ಆ ಪಟ್ಟಿ ತೋರಿಸಿತು.

ಇದಕ್ಕಿಂತ ಮುಂಚೆ ಒಲೆ ಸುಧಾರಿಸೋ ಪ್ರಯತ್ನ ಆಗಿರಲಿಲ್ಲ ಅಂತಲ್ಲ. ವಾರ್ಧಾದ ಮಗನ್‌ವಾಡಿಯಲ್ಲಿ 1940ರ ದಶಕದಲ್ಲೇ ‘ಮಗನ್ ಚೂಲ್ಹಾ’ ಆಗಿತ್ತು. ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು 1953ರಲ್ಲಿ ಹೊಗೆಯಿಲ್ಲದ ಅಡಿಗೆಮನೆ ಬಗ್ಗೆ ಪುಸ್ತಿಕೆಯನ್ನೇ ಬರೆದಿದ್ರು. ಆದ್ರೆ ಆ ಒಲೆಗಳ ಮುಖ್ಯ ಗುರಿ ಹೊಗೆ ಆಚೆ ಕಳಿಸೋದು. ಇಲ್ಲಿ ಒಂದು ಸೂಕ್ಷ್ಮ ಇದೆ. ಬರೀ ಕೊಳವೆ ಹಾಕಿಬಿಟ್ರೆ ಅದು ಹೊಗೆ ಎಳೆಯೋ ಹಂಗೆ ಬಿಸಿನೂ ಎಳೆದುಕೊಂಡು ಹೋಗುತ್ತೆ. ಅಡಿಗೆಮನೆ ತಿಳಿಯಾಗುತ್ತೆ, ಸೌದೆ ಮಾತ್ರ ಅಷ್ಟೇ ಬೇಕು, ಒಂದೊಂದು ಸಲ ಇನ್ನೂ ಹೆಚ್ಚೇ ಬೇಕು. ಹೊಗೆ ಹೋಗಬೇಕು, ಬಿಸಿ ಉಳೀಬೇಕು ಅನ್ನೋದು ಎರಡು ಬೇರೆ ಬೇರೆ ಲೆಕ್ಕ.

ಈ ಎರಡೂ ಲೆಕ್ಕ ಸೇರಿಸಿ 1980ರ ದಶಕದ ಶುರುವಿಗೆ ಸಂಸ್ಥೆಯವರು ಕಟ್ಟಿದ್ದೇ ಮೂರು ಪಾತ್ರೆಯ ಒಲೆ. ಊರಲ್ಲಿ ಅದಕ್ಕೆ ‘ಅಸ್ತ್ರ ಒಲೆ’ ಅಂತಲೇ ಹೆಸರು ನಿಂತಿತು. ಅದರ ಮೈಯೂ ಮಣ್ಣು ಇಟ್ಟಿಗೆಯದೇ. ಗುಟ್ಟು ಇದ್ದದ್ದು ಅಳತೆಯಲ್ಲಿ. ಸೌದೆ ನೆಲದ ಮೇಲೆ ಉರಿಯೋದಿಲ್ಲ, ಬೀಡು ಕಬ್ಬಿಣದ ಜಾಲರಿ ಮೇಲೆ ಉರಿಯುತ್ತೆ. ಕೆಳಗಿನ ಬೂದಿಗುಂಡಿಯಿಂದ ಬೇಕಾದಷ್ಟೇ ಗಾಳಿ ಬರುತ್ತೆ. ಸೌದೆ ಹಾಕೋ ಬಾಯಿಗೆ ತಗಡಿನ ಬಾಗಿಲು. ಪಾತ್ರೆಗಳು ಉಬ್ಬಿನ ಮೇಲೆ ಕೂರೋದಿಲ್ಲ, ತೂತಿನೊಳಗೆ ಇಳಿದು ಸಂದಿ ಇಲ್ಲದಂಗೆ ಕೂರ್ತವೆ. ಮೊದಲ ಪಾತ್ರೆಗೆ ತಾಗಿದ ಉರಿ ಒಳಗಿನ ಸುರಂಗದಲ್ಲಿ ಎರಡನೇದಕ್ಕೆ, ಅಲ್ಲಿಂದ ಮೂರನೇದಕ್ಕೆ ಹೋಗಿ, ಬಿಸಿಯೆಲ್ಲ ಕೊಟ್ಟು ಕೊನೆಗೆ ಕೊಳವೆ ಹತ್ತುತ್ತೆ. ಮೊದಲನೇದರಲ್ಲಿ ಹಿಟ್ಟು, ಎರಡನೇದರಲ್ಲಿ ಸಾರು, ಮೂರನೇದರಲ್ಲಿ ಬಿಸಿನೀರು. ಪ್ರಯೋಗಾಲಯದಲ್ಲಿ ಅಳೆದಾಗ ಸೌದೆಯ ಬಿಸಿಯಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಪಾಲು ಪಾತ್ರೆಗೆ ತಲುಪಿತು. ನಮ್ಮ ಕೋಡೊಲೆಯ ಯೋಚನೆಯನ್ನೇ ಅಳೆದು, ಮುಚ್ಚಿ, ಸರಿಮಾಡಿದ ಹಂಗೆ ಇದು.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಈ ಒಲೆಯನ್ನ ಜಿಲ್ಲೆ ಜಿಲ್ಲೆಗೆ ಒಯ್ದಿತು. ಕೇಂದ್ರ ಸರ್ಕಾರವೂ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ನಮ್ಮ ಮನೆಗೂ ಅವಾಗಲೇ ಬಂತು. ಒಲೆ ಕಟ್ಟೋದನ್ನ ಕಲಿತು ಬಂದಿದ್ದ ಒಬ್ಬರು ಮರದ ಅಚ್ಚು, ಅಳತೆ ಪಟ್ಟಿ ಹಿಡ್ಕೊಂಡು ಒಂದು ದಿನ ಪೂರ್ತಿ ಕೂತು ಕಟ್ಟಿದ್ರು. ನಮ್ಮವ್ವ ಹೇಳೋ ಪ್ರಕಾರ ವಾರಕ್ಕೆ ಎರಡು ಹೊರೆ ಬೇಕಾಗ್ತಿದ್ದ ಕಡೆ ಒಂದು ಹೊರೆ ಸಾಕಾಯ್ತು. ಅದಕ್ಕಿಂತ ಅವಳಿಗೆ ನೆನಪಿರೋದು ಬೇರೆ: ‘ಊದ್ಗೊಳವೆ ಮೂಲೆಗೆ ಹೋಯ್ತು ಕಣಮ್ಮ. ಹಿಟ್ಟು ತಿರುವೋವಾಗ ಕಣ್ಣು ಬಿಟ್ಕೊಂಡು ತಿರುವಿದ್ದೇ ಅವಾಗ.’

ಹಂಗಾದ್ರೆ ಊರಿನ ಎಲ್ಲ ಮನೇಲೂ ಅದು ಯಾಕೆ ಉಳೀಲಿಲ್ಲ? ಇದನ್ನ ಹೇಳದೆ ಬರೀ ಹೊಗಳಿದ್ರೆ ಚರಿತ್ರೆ ಅರ್ಧ ಆಗುತ್ತೆ.

ಒಂದನೇದು, ಅಳತೆ. ಸುರಂಗ ಎರಡು ಬೆರಳು ದೊಡ್ಡದಾದ್ರೆ ಬಿಸಿ ಓಡಿ ಹೋಗುತ್ತೆ, ಚಿಕ್ಕದಾದ್ರೆ ಹೊಗೆ ಬಾಯಿಗೇ ಬರುತ್ತೆ. ನಮ್ಮ ಪಕ್ಕದ ಮನೆಯವರಿಗೆ ಲೆಕ್ಕಕ್ಕೆ ಇಷ್ಟು ಒಲೆ ಮುಗಿಸಬೇಕು ಅಂತ ಬಂದವರೊಬ್ಬರು ಅರ್ಧ ದಿನದಲ್ಲಿ ಕಟ್ಟಿ ಹೋದ್ರು. ಅದು ಮೊದಲ ದಿನದಿಂದಲೇ ಹಿಂದಕ್ಕೆ ಹೊಗೆ ಉಗುಳ್ತು. ಒಂದು ತಿಂಗಳಲ್ಲಿ ಅದರ ಮೇಲೆ ತೆಂಗಿನಕಾಯಿ ಗುಡ್ಡೆ ಹಾಕಿದ್ರು. ಸರ್ಕಾರದ ಪಟ್ಟಿಯಲ್ಲಿ ಅದೂ ಒಂದು ಒಲೆ.

ಎರಡನೇದು, ಹಿಟ್ಟು. ರಾಗಿ ಹಿಟ್ಟು ತಿರುವೋದು ಅಂದ್ರೆ ಕವೆಗೋಲು ಕೊಟ್ಟು ಮಡಕೆ ಅದುಮಿ, ದೊಣ್ಣೆಯಲ್ಲಿ ಮೈಬಲ ಹಾಕಿ ತಿರುಗಿಸೋದು. ಆ ಬಲಕ್ಕೆ ಮಣ್ಣಿನ ಅಂಚು ಸವೆದು ಪಾತ್ರೆ ಸುತ್ತ ಸಂದಿ ಬಿಡೋದು. ಆಗಾಗ ಮಣ್ಣು ಮೆತ್ತಬೇಕು. ಮೂರನೇದು, ಪಾತ್ರೆ. ತೂತು ಒಂದು ಅಳತೆ, ಹಬ್ಬಕ್ಕೆ ಇಳಿಸೋ ತಪ್ಪಲೆ ಇನ್ನೊಂದು ಅಳತೆ. ನಾಲ್ಕನೇದು, ಸೌದೆ. ಹಳೆ ಒಲೆಗೆ ಉದ್ದ ಕೊಂಬೆನ ಹಂಗೇ ಇಟ್ಟು ಉರಿದಷ್ಟು ಮುಂದಕ್ಕೆ ತಳ್ಳಬಹುದಿತ್ತು. ಇದಕ್ಕೆ ಸಣ್ಣ ಸಣ್ಣಗೆ ಸೀಳಿ ಹಾಕಬೇಕು. ಸೀಳೋರು ಯಾರು? ಮತ್ತೆ ಅವ್ವನೇ. ಐದನೇದು, ಕೊಳವೆಯೊಳಗಿನ ಮಸಿ. ಅದನ್ನ ತೆಗೀದಿದ್ರೆ ಎಳೆತ ನಿಲ್ಲುತ್ತೆ. ಸೂರು ಹತ್ತಿ ಕೊಳವೆ ತೆಗೆಯೋ ಕೆಲಸ ಹೆಂಗಸರು ಮಾಡೋ ಹಂಗಿರಲಿಲ್ಲ, ಗಂಡಸರಿಗೆ ಅದು ತಮ್ಮ ಕೆಲಸ ಅನ್ನಿಸ್ತಿರಲಿಲ್ಲ.

ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತಿತು. ಎಷ್ಟು ಒಲೆ ಕಟ್ಟಿದ್ರು ಅನ್ನೋದಕ್ಕೆ ಲೆಕ್ಕ ಇತ್ತು, ಎಷ್ಟು ಒಲೆ ಉರೀತಿವೆ ಅನ್ನೋದಕ್ಕೆ ಅಷ್ಟು ಗಟ್ಟಿ ಲೆಕ್ಕ ಇರಲಿಲ್ಲ. ಚೆನ್ನಾಗಿ ಕಟ್ಟಿ, ಚೆನ್ನಾಗಿ ನೋಡ್ಕೊಂಡ ಮನೆಗಳಲ್ಲಿ ಮಾತ್ರ ಒಲೆ ಎಷ್ಟೋ ವರ್ಷ ಬಾಳಿತು. ನಮ್ಮದು ಹನ್ನೊಂದು ವರ್ಷ. ಅದಕ್ಕೆ ಕಾರಣ ನಮ್ಮ ಚಿಕ್ಕಪ್ಪ. ಪ್ರತಿ ಅಮಾವಾಸ್ಯೆ ಮಾರನೇ ದಿನ ಸೂರು ಹತ್ತಿ ಕೊಳವೆ ಬಡಿಯೋದನ್ನ ಅವರು ಒಂದು ನೇಮ ಮಾಡ್ಕೊಂಡಿದ್ರು.

ಅಷ್ಟರಲ್ಲಿ ಪೇಟೆ ಮನೆಗಳಲ್ಲಿ ಕಥೆ ಬೇರೆ ದಾರಿ ಹಿಡಿದಿತ್ತು. ಅಗ್ಗಿಷ್ಟಿಕೆಯ ಇದ್ದಿಲು, ಡಬ್ಬಕ್ಕೆ ಗಿಡಿದು ತುಂಬೋ ಮರದ ಹೊಟ್ಟಿನ ಒಲೆ, ಬತ್ತಿ ಸ್ಟೌ, ಪಂಪ್ ಸ್ಟೌ, ಆಮೇಲೆ ಗ್ಯಾಸ್. ಪ್ರೆಸ್ಟೀಜ್, ಹಾಕಿನ್ಸ್ ಹೆಸರಿನ ಪ್ರೆಷರ್ ಕುಕ್ಕರ್‌ಗಳು ನಮ್ಮ ದೇಶದಲ್ಲಿ ಶುರುವಾದದ್ದು 1959ರಲ್ಲಿ. ಬಿಸಿ ಉಳಿಸೋದರಲ್ಲಿ ಕುಕ್ಕರ್ ದೊಡ್ಡ ಹೆಜ್ಜೆ, ಯಾಕಂದ್ರೆ ಅದು ಹಬೆನ ಹಿಡಿದಿಡುತ್ತೆ. ಒಂದು ಲೀಟರ್ ತಣ್ಣೀರನ್ನ ಕುದಿಗೆ ತರೋಕೆ ಬೇಕಾದ ಬಿಸಿಯ ಏಳು ಪಟ್ಟು ಬೇಕು, ಅದೇ ಒಂದು ಲೀಟರನ್ನ ಪೂರ್ತಿ ಆವಿ ಮಾಡೋಕೆ. ಅಂದ್ರೆ ಮುಚ್ಚಳ ಇಲ್ಲದೆ ಬುಸುಬುಸು ಕುದಿಯೋ ಪಾತ್ರೆಯಿಂದ ಮೇಲೆ ಹೋಗೋ ಹಬೆ ಬರೀ ಹಬೆ ಅಲ್ಲ, ನಮ್ಮ ಸಿಲಿಂಡರೇ ಹಂಗೆ ಮೇಲೆ ಹೋಗ್ತಿರೋದು. ಕುದಿ ಬಂದ ಮೇಲೆ ಬೇಳೆಗೆ ಬೇಕಾದ್ದು ಉರಿ ಅಲ್ಲ, ಹೊತ್ತು. ಜೋರಾಗಿ ಕುದಿಸಿದ್ರೂ ಸಣ್ಣಗೆ ಕುದಿಸಿದ್ರೂ ನೀರಿನ ಬಿಸಿ ಅಷ್ಟೇ ಇರುತ್ತೆ. ಕೊಳ್ಳಿ ಹಿಂದಕ್ಕೆಳೀತಿದ್ದ ಅಜ್ಜಿಗೆ ಇದು ಗೊತ್ತಿತ್ತು.

ನಮ್ಮ ದೇಶದ ಮಾನಕದ ಪ್ರಕಾರ ಮನೆ ಗ್ಯಾಸ್ ಒಲೆಯಲ್ಲಿ ಬಿಸಿಯ ಶೇ. 68 ಆದ್ರೂ ಪಾತ್ರೆಗೆ ತಲುಪಬೇಕು. ಮಣ್ಣಿನ ಒಲೆಯ ಹತ್ತಕ್ಕೆ ಹೋಲಿಸಿದ್ರೆ ಎಷ್ಟೋ ಮೇಲು. ಆದ್ರೆ ಬರ್ನರಿನ ತೂತಿಗೆ ಸಾರು ಉಕ್ಕಿ ಕಟ್ಟಿ, ಉರಿ ನೀಲಿ ಬಿಟ್ಟು ಹಳದಿ ಆಗಿದ್ರೆ, ಪಾತ್ರೆ ತಳ ಮಸಿ ಆಗ್ತಿದ್ರೆ ಆ 68 ಸಿಗ್ತಿಲ್ಲ ಅಂತಲೇ ಅರ್ಥ. ಸಣ್ಣ ಪಾತ್ರೆ ಕೆಳಗೆ ದೊಡ್ಡ ಉರಿ ಹಚ್ಚಿ ಅದು ಪಕ್ಕದಿಂದ ಮೇಲೇರ್ತಿದ್ರೆ ನಾವು ಮತ್ತೆ ಮೂರು ಉಬ್ಬಿನ ಒಲೆಗೇ ಹೋದ ಹಂಗೆ.

ಹಳ್ಳಿಯ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 2016ರ ಉಜ್ವಲಾ ಯೋಜನೆ ಆದ ಮೇಲೆ. ಹಂಗಿದ್ರೂ ಸಿಲಿಂಡರ್ ಬೆಲೆ ಏರಿದಾಗ ಸೌದೆ ಒಲೆ ಮತ್ತೆ ಹಚ್ಚೋ ಮನೆಗಳು ನಮ್ಮೂರಲ್ಲಿ ಈಗಲೂ ಇವೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಲೆಕ್ಕ ಕೊಟ್ಟಿದೆ: ಮನೆಯೊಳಗಿನ ಹೊಗೆಯಿಂದ ಆ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವು. ಅದನ್ನ ಓದಿದಾಗ ನನಗೆ ನಮ್ಮಜ್ಜಿಯ ಕೆಮ್ಮು ಕೇಳಿಸಿತು. ಅವಳು ಹೋದಾಗ ಊರಲ್ಲಿ ‘ದಮ್ಮು ಇತ್ತು’ ಅಂದ್ರು. ಯಾರೂ ಒಲೆಯ ಹೆಸರು ಎತ್ತಲಿಲ್ಲ.

ಇನ್ನು ಕರೆಂಟ್. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನಮ್ಮಂಥ ಹಳ್ಳಿ ಮನೆಗಳಿಗೆ ಬರೋಕೆ ಇನ್ನೂ ಎಷ್ಟೋ ದಶಕ ಬೇಕಾಯ್ತು. ಬಡವರ ಮನೆಗೆ ಭಾಗ್ಯಜ್ಯೋತಿ ಅಂತ ಒಂದೇ ಒಂದು ಬಲ್ಬು ಕೊಟ್ಟ ಕಾಲ ನಮ್ಮ ತಲೆಮಾರಿನವರಿಗೆ ನೆನಪಿದೆ. ಆ ಗಾಜಿನ ಬಲ್ಬು ಬೆಳಕಿನ ಹೆಸರಲ್ಲಿ ಇದ್ದ ಒಂದು ಒಲೆ. ಅದು ಕುಡಿದ ಕರೆಂಟಿನಲ್ಲಿ ಬೆಳಕಾಗ್ತಿದ್ದದ್ದು ನೂರಕ್ಕೆ ಐದರಷ್ಟು, ಉಳಿದದ್ದೆಲ್ಲ ಬಿಸಿ. ಮುಟ್ಟಿದ್ರೆ ಕೈ ಸುಡೋದಕ್ಕೆ ಅದೇ ಕಾರಣ. ಕೋಳಿಮರಿಗೆ ಬೆಚ್ಚಗಿರಲಿ ಅಂತ ಬುಟ್ಟಿಯೊಳಗೆ ಬಲ್ಬು ಇಳಿಬಿಡ್ತಿದ್ರಲ್ಲ, ಆ ಕೆಲಸಕ್ಕೆ ಅದು ಸರಿಯಾದ ಸಾಧನ! ಆಮೇಲೆ ಟ್ಯೂಬ್‌ಲೈಟ್ ಬಂತು. 40 ವ್ಯಾಟಿನ ಟ್ಯೂಬಿನ ಜೊತೆ ಹಳೆ ಚೋಕ್ ಇನ್ನೂ ಹತ್ತು ಹದಿನೈದು ವ್ಯಾಟ್ ತಿನ್ನೋದು, ಸಾಲದ್ದಕ್ಕೆ ಗುಂಯ್ ಅನ್ನೋದು. 2015ರ ಕೊನೆಗೆ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಹೆಸರಲ್ಲಿ ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬ್ ಹಂಚೋಕೆ ಶುರುವಾಯ್ತು. 60 ವ್ಯಾಟಿನ ಬಲ್ಬಿನ ಬೆಳಕು 9 ವ್ಯಾಟಿಗೆ ಬಂತು. ದಿನಕ್ಕೆ ಐದು ಗಂಟೆ ಉರಿಸಿದ್ರೆ ಒಂದು ಬಲ್ಬಿಗೆ ವರ್ಷಕ್ಕೆ 93 ಯೂನಿಟ್ ಉಳಿತಾಯ.

ಬಚ್ಚಲಿನ ಕಥೆನೂ ಇದೇ. ಹಂಡೆ ಒಲೆಯಲ್ಲಿ ಬಿಸಿ ಪೋಲಾಗ್ತಿದ್ದದ್ದು ಕಣ್ಣಿಗೆ ಕಾಣ್ತಿತ್ತು, ಗೋಡೆಯೆಲ್ಲ ಇಲ್ಲಣ ಕಟ್ಟಿರ್ತಿತ್ತು. ಗೀಸರ್ ಬಂದ ಮೇಲೆ ಬಚ್ಚಲು ಬೆಳ್ಳಗಾಯ್ತು. ಆದ್ರೆ ಪೋಲಾಗೋದು ನಿಲ್ಲಲಿಲ್ಲ, ಊರು ಬದಲಾಯ್ತು. ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ನೀರು ಕುದಿಸ್ತಾರೆ, ಆ ಹಬೆಯಿಂದ ಕರೆಂಟ್ ಮಾಡ್ತಾರೆ. ಕಲ್ಲಿದ್ದಲಿನ ಬಿಸಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕರೆಂಟ್ ಆಗುತ್ತೆ. ಆ ಕರೆಂಟ್ ನೂರಾರು ಮೈಲಿ ಬಂದು ನಮ್ಮ ಮನೇಲಿ ಮತ್ತೆ ನೀರೇ ಕಾಯಿಸುತ್ತೆ. ನೀರು ಕಾಯಿಸಿ ಕರೆಂಟ್ ಮಾಡಿ, ಆ ಕರೆಂಟಿಂದ ನೀರು ಕಾಯಿಸೋದು! ಅದರ ಹೊಗೆ ಯಾರ ಎದೆಗೆ ಹೋಗುತ್ತೋ ಅವರು ನಮ್ಮ ಬಂಧು ಬಳಗದವರಲ್ಲ, ಅದಕ್ಕೇ ನಮಗೆ ಕಾಣೋದಿಲ್ಲ.

ಬೆಂಗಳೂರಿನಲ್ಲಿ ಮಾಳಿಗೆ ಮಾಳಿಗೆ ಮೇಲೆ ಸೋಲಾರ್ ವಾಟರ್ ಹೀಟರ್ ಕಾಣೋದು ಈ ಕಾರಣಕ್ಕೇ. ಹೊಸ ಮನೆಗಳಿಗೆ ಅದು ಕಡ್ಡಾಯವೂ ಆಯ್ತು, ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿಯೂ ಬಂತು. ಬಿಸಿಲು ಪುಕ್ಕಟೆ, ಆದ್ರೆ ಪೈಪ್ ಪುಕ್ಕಟೆ ಅಲ್ಲ. ಅರ್ಧ ಇಂಚಿನ ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು 175 ಮಿಲಿಲೀಟರ್ ನೀರು ನಿಂತಿರುತ್ತೆ. ಮಾಳಿಗೆಯಿಂದ ಬಚ್ಚಲಿಗೆ 20 ಮೀಟರ್ ಪೈಪ್ ಇದ್ರೆ ಮೂರೂವರೆ ಲೀಟರ್ ತಣ್ಣೀರು ಹರಿದ ಮೇಲೇ ಬಿಸಿನೀರಿನ ಮುಖ ಕಾಣೋದು. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲೇ ಉಳಿದು ತಣ್ಣಗಾಗುತ್ತೆ. ನಮ್ಮ ಮನೇಲಿ ಆ ಪೈಪಿಗೆ ಕಪ್ಪು ಫೋಮ್ ಕೊಳವೆ ಹಾಕಿಸಿದ್ದೀವಿ. ಸ್ನಾನ ಒಬ್ಬರ ಹಿಂದೆ ಒಬ್ಬರು ಮಾಡ್ತೀವಿ, ಅರ್ಧರ್ಧ ಗಂಟೆ ಬಿಟ್ಟು ಅಲ್ಲ. ಮೊದಲು ಬರೋ ತಣ್ಣೀರನ್ನ ಬಕೆಟ್ಟಿಗೆ ಹಿಡಿದು ಬಟ್ಟೆಗೆ ಬಳಸ್ತೀವಿ.

ಈಗ ಕೊನೆಯ ಅಧ್ಯಾಯ, ನಾವೆಲ್ಲ ಇರೋ ಅಧ್ಯಾಯ. 2023ರಿಂದ ಗೃಹಜ್ಯೋತಿ ಬಂದಿದೆ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಒಟ್ಟು 200 ಯೂನಿಟ್ ದಾಟದಂಗೆ ಇದ್ರೆ ಬಿಲ್ಲು ಸೊನ್ನೆ ಅಂತ ಶುರುವಾದ ಯೋಜನೆ. ಎಷ್ಟೋ ಮನೆಗೆ ಇದರಿಂದ ಉಸಿರಾಡೋ ಹಂಗಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬಿಲ್ಲಿನಲ್ಲಿ ಸೊನ್ನೆ ಕಂಡ ಮೇಲೆ ಆ ಚೀಟಿನ ತಿರುಗಿಸಿ ನೋಡೋರು ಕಡಿಮೆಯಾಗಿದ್ದಾರೆ. ಸೌದೆ ಪುಕ್ಕಟೆ ಅಂತ ಒಲೆ ಅಳೀದೆ ಇದ್ದ ಕಾಲದ ಗುಣ ಮತ್ತೆ ಬರ್ತಾ ಇದೆ ಅನ್ನಿಸುತ್ತೆ ನನಗೆ. ಪುಕ್ಕಟೆ ಸೌದೆಯ ಬೆಲೆ ಒಬ್ಬರು ಕೊಡ್ತಿದ್ರು. ಪುಕ್ಕಟೆ ಕರೆಂಟಿನ ಬೆಲೆಯೂ ಎಲ್ಲೋ ಯಾರೋ ಕೊಡ್ತಿರ್ತಾರೆ.

ಉಂಗ್ರದಲ್ಲಿ ಅವರು ಮಾಡಿದ ಎಣಿಕೆನ ನಾವೂ ನಮ್ಮ ಮನೇಲಿ ಮಾಡಬಹುದು. ಅದಕ್ಕೆ ವಿಜ್ಞಾನಿ ಬೇಡ. ಹೊಸ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕ್ತಿರುತ್ತೆ. ಎಷ್ಟು ಸಲ ಮಿಣುಕಿದ್ರೆ ಒಂದು ಯೂನಿಟ್ ಅಂತ ಪಕ್ಕದಲ್ಲೇ ಬರೆದಿರುತ್ತೆ, ತುಂಬಾ ಮೀಟರುಗಳಲ್ಲಿ 3200. ರಾತ್ರಿ ಎಲ್ಲ ಸ್ವಿಚ್ಚೂ ಆರಿಸಿ, ಫ್ರಿಜ್ಜನ್ನೂ ಐದು ನಿಮಿಷ ಆರಿಸಿ ಹೋಗಿ ಆ ದೀಪ ನೋಡಿ. ಎರಡು ನಿಮಿಷಕ್ಕೆ ಒಂದು ಸಲ ಮಿಣುಕಿದ್ರೆ ಮನೇಲಿ ಎಲ್ಲೋ ಸುಮಾರು ಹತ್ತು ವ್ಯಾಟ್ ಹೋಗ್ತಿದೆ ಅಂತ ಅರ್ಥ. ಹತ್ತು ವ್ಯಾಟ್ ಅಂದ್ರೆ ವರ್ಷಕ್ಕೆ 87 ಯೂನಿಟ್ ಮೇಲೆ. ರಿಮೋಟಿನಲ್ಲಿ ಮಾತ್ರ ಆರಿಸಿದ ಟಿವಿ, ಅದರ ಪಕ್ಕದ ಡಬ್ಬಿ, ಗೋಡೆಗೆ ಚುಚ್ಚಿ ಬಿಟ್ಟ ಚಾರ್ಜರ್, ಒಂದೊಂದನ್ನೇ ಕಿತ್ತು ನೋಡ್ತಾ ಹೋಗಿ, ಕಳ್ಳ ಸಿಗ್ತಾನೆ.

ಹಂಗೇ ಫ್ರಿಜ್ ಬಾಗಿಲಿಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಸಲೀಸಾಗಿ ಬಂದ್ರೆ ರಬ್ಬರು ಸಡಿಲ, ತಂಪು ಸೋರ್ತಿದೆ. ಹೊಸ ಸಾಮಾನು ಕೊಳ್ಳೋವಾಗ 2006ರಿಂದ ಬಂದಿರೋ ನಕ್ಷತ್ರದ ಚೀಟಿ ನೋಡಿ. ನಕ್ಷತ್ರ ಎಣಿಸಿದ್ರೆ ಸಾಲದು, ಅದರಲ್ಲಿ ಬರೆದಿರೋ ವರ್ಷದ ಯೂನಿಟ್ ಓದಿ. ಹಳೆ ಸೀಲಿಂಗ್ ಫ್ಯಾನ್ 75 ವ್ಯಾಟ್ ಕುಡಿದ್ರೆ ಹೊಸ ಬಗೆಯವು 30ರ ಸುಮಾರಿಗೆ ಅದೇ ಗಾಳಿ ಕೊಡ್ತವೆ. ಹಗಲೂ ರಾತ್ರಿ ತಿರುಗೋ ಫ್ಯಾನ್ ಇದ್ರೆ ಮೊದಲು ಅದನ್ನ ಬದಲಾಯಿಸಿ.

ಇಷ್ಟು ನೋಡೋ ಕೆಲಸಾನ ದಯವಿಟ್ಟು ಅಡಿಗೆಮನೆಯವರ ತಲೆಗೇ ಕಟ್ಟಬೇಡಿ. ನಮ್ಮ ಮನೇಲಿ ಮೀಟರ್ ನೋಡೋದು ನನ್ನ ಮಗ, ಪೈಪು ನೋಡೋದು ನಮ್ಮ ಯಜಮಾನರು, ಫ್ರಿಜ್ಜಿನ ಹಿಂದೆ ಧೂಳು ಹೊಡೆಯೋದು ಅವರವರ ಸರದಿ. ಗೋಡೆಗೆ ನೇತಾಕಿರೋ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಕಿನ ಚೌಕದಲ್ಲಿ ಯೂನಿಟ್ ಬರೆದಿಡ್ತೀವಿ. ಹೋದ ವರ್ಷದ ಕ್ಯಾಲೆಂಡರನ್ನ ಅದಕ್ಕೋಸ್ಕರವೇ ಎಸೆದಿಲ್ಲ.